ಕಾಲಿಗೊಂದು ಗೂಡು

ಮೂವತ್ತು ವರ್ಷ ಬಸ್ಸಿಗೆ ಮೈ ಕಟ್ಟಿದ ಕೈ ಇದು,
ನಿಂತವರ ತಲೆಗೆ ಚಾವಣಿ ತಾಗದ ಹಾಗೆ.
ದೋಣಿಗೆ ಆ ಲೆಕ್ಕ ನಡೆಯುವುದಿಲ್ಲ, ಮೈಮೂನಾ.

ಮೊದಲ ಕ್ಯಾಬಿನ್ನು ನೀನೂ ನೋಡಿದ್ದೆ,
ಸಾಗರ ರಸ್ತೆಯ ಶೆಡ್ಡಿನಲ್ಲಿ.
ಹಾಯಿಯ ಅಡಿಮರ ತಿರುಗಿಸಿದರೆ
ಅದರ ನೆತ್ತಿಗೇ ಬಡಿಯುತ್ತಿತ್ತು.
ಗುತ್ಯಪ್ಪ ನಕ್ಕ:
"ಉಸ್ತಾದ್, ಲಗೇಜ್ ಕ್ಯಾರಿಯರ್ ಒಂದು ಬಾಕಿ."

ಒಂಬತ್ತು ಇಂಚು ಕೊಯ್ದೆ.
ಗರಗಸಕ್ಕೆ ಮರುಕವಿಲ್ಲ, ನನಗಿತ್ತು
(ಪ್ಲೈವುಡ್ಡಿನ ನಿಜವಾದ ಬೆಲೆ ನಿನಗಿನ್ನೂ ಹೇಳಿಲ್ಲ).

ಆಮೇಲೆ ಫ್ರಿಜ್ಜಿನ ಡಬ್ಬದ ರಟ್ಟು ಕತ್ತರಿಸಿ
ನಿನ್ನನ್ನು ಒಳಗೆ ಕೂರಿಸಿ ಅಳೆದೆ.
ನೆತ್ತಿಗೂ ರಟ್ಟಿಗೂ ನಡುವೆ ನಾಲ್ಕು ಬೆರಳು.
ಸಾಕು, ಅಂದೆ.
ಮಲಗಿದರೆ ಮೊಣಕಾಲಿಗೇ ದೋಣಿ ಮುಗಿದಿತ್ತು.
"ಕಾಲು ಮನೆಯಲ್ಲಿ ಬಿಟ್ಟು ಬರಲಾ?"

ಬೆಳಿಗ್ಗೆ ಎದ್ದವನೇ ಹಿಂಗೋಡೆಗೆ ಕಿಂಡಿ ಕೊರೆದೆ.
ಚುಕ್ಕಾಣಿ ಹಿಡಿಯುವವನ ಸೀಟಿನ ಕೆಳಗೆ
ಉದ್ದಕ್ಕೂ ಒಂದು ಟೊಳ್ಳು.
ಹಗ್ಗ, ಲಂಗರು, ಸ್ಟವ್ವು ಅಲ್ಲಿರಬೇಕಿತ್ತು.
ಎಲ್ಲಾದರೂ ಇರಲಿ ಅವು.

ಹೊಳೆಬಾಗಿಲಲ್ಲಿ ನೀರಿಗಿಳಿಸುವಾಗ
ದಡದಲ್ಲಿ ನಿಂತಿದ್ದವನೊಬ್ಬ ಕೇಳಿದ:
"ಇದೇನು ಇಷ್ಟು ಗಿಡ್ಡ, ಕೋಳಿಗೂಡಾ?"
ಬಗ್ಗಿ ನೋಡಿದವನಿಗೆ
ಒಳಗಿಂದ ನೀನೇ ಚಹಾ ಕೊಟ್ಟೆ.

ಈಗ ಹಿನ್ನೀರಿನ ನಡುವೆ ಗಾಳಿ ನಿಂತಿದೆ.
ಹಾಯಿ, ಒಣಗಲು ಹಾಕಿ ಮರೆತ ಬಟ್ಟೆ.
ನಿನಗೆ ನಿದ್ದೆಯೋ ಎಚ್ಚರವೋ, ಕಾಣುವುದಿಲ್ಲ.
ಅಷ್ಟರಲ್ಲಿ ಹಲಗೆಯ ಕೆಳಗಿಂದ,
ನಾನು ಕೂತಲ್ಲಿಗೆ ಸರಿಯಾಗಿ,
ಹಿಮ್ಮಡಿಯಲ್ಲಿ ಎರಡು ಸಲ ಗುದ್ದುತ್ತೀ.

ಎರಡು ಅಂದರೆ ಹೊರಡು ಅಂತ
ಬಸ್ಸಿನವನಿಗೆ ಹೇಳಿಕೊಡಬೇಕೆ?
ಹಗ್ಗ ಕೈಯಲ್ಲೇ ಇದೆ, ಮಾರಾಯ್ತಿ,
ಗಾಳಿಗೂ ಯಾರಾದರೂ ಸೀಟಿ ಊದಲಿ.