ನಲವತ್ತೊಂದು ಭಾನುವಾರ

ಕಲ್ಸಂಕದಲ್ಲಿ ಬ್ಯಾಟರಿ ಅಂಗಡಿಯ ಮೇಲೆ ನನ್ನ ಆಫೀಸು.
ಅವನು ಮೆಟ್ಟಿಲು ಹತ್ತುವ ಮೊದಲೇ
ಗಾಜಿನ ಬಾಗಿಲು, ಗೋಡೆಯ ಕ್ಯಾಲೆಂಡರು,
ಅರ್ಧ ಕುಡಿದಿಟ್ಟ ಚಹಾದ ಮೇಲಿನ ಕೆನೆ
ಒಟ್ಟಿಗೇ ನಡುಗಿದವು.

"ಎಂತ ಮೇಡಂ, ಇದಕ್ಕೆ ಇನ್ಶೂರೆನ್ಸು
ಸ್ವಲ್ಪ ಕಡಿಮೆಯಲ್ಲಿ ಆಗುದುಂಟಾ?"
ಯೋಗೀಶ ತಿಂಗಳಾಯ, ಮಲ್ಪೆ ಬಂದರಿನ ಇಂಜಿನ್ ಮೇಸ್ತ್ರಿ,
ಉಗುರಿನ ಅಂಚಿಗೆ ತೊಳೆದರೂ ಹೋಗದ ಡೀಸೆಲ್ಲು,
ಕೈಯಲ್ಲಿ ಆರ್‌ಸಿ, ಕೂಸಿನ ಜಾತಕದಂತೆ
ಪ್ಲಾಸ್ಟಿಕ್ಕಿನಲ್ಲಿ ಸುತ್ತಿ.

ಕಿಟಕಿಯಿಂದ ಬಗ್ಗಿ ನೋಡಿದೆ.
ಎರಡೇ ಬಾಗಿಲು, ನೆಲಕ್ಕೆ ಗದ್ದ ಊರಿದ ಕಾರು,
ಹನ್ನೊಂದು ವರ್ಷದ್ದು, ಯಾರೋ ಬಿಲ್ಡರ್ ಆಡಿ ಸಾಕಾಗಿ ಮಾರಿದ್ದು.
ಬಣ್ಣದ ಕಾಲಮ್ಮಿನಲ್ಲಿ ನೀಲಿ ಎಂದು ಬರೆದೆ.
"ಬಂಗುಡೆ ಬೆನ್ನಿನ ನೀಲಿ" ಎಂದ.
ಅಷ್ಟು ಬರೆಯಲು ಅಲ್ಲಿ ಜಾಗವಿರಲಿಲ್ಲ.

ಒಂದು ಕಂಪನಿ, ಹಳೆಯದು ಬೇಡ ಅಂದಿತು.
ಇನ್ನೊಂದು, ಮುಂಬೈಗೆ ಕಳಿಸಿ ನೋಡೋಣ ಅಂದಿತು.
ಮೂರನೆಯದು ಹೇಳಿದ ಅಂಕಿಯನ್ನು
ತಿಂಗಳಾಯ ಬೆರಳಲ್ಲೇ ಗೇರ್‌ಬಾಕ್ಸುಗಳಿಗೆ ತಿರುಗಿಸಿ
"ನಾಲ್ಕು ಬೋಟು ಬಿಚ್ಚಬೇಕು ಇಷ್ಟಕ್ಕೆ" ಎಂದು ಸುಮ್ಮನಾದ.

ನನಗೆ ಗೊತ್ತಿದ್ದ ಮದ್ದು ಒಂದೇ:
ಗಾಡಿಯ ಬೆಲೆ ಇಳಿಸಿ ಬರೆದರೆ ಪ್ರೀಮಿಯಮ್ಮೂ ಇಳಿಯುತ್ತದೆ.
ಎಷ್ಟು ಜನಕ್ಕೆ ಬರೆದುಕೊಟ್ಟಿಲ್ಲ!
ಪೆನ್ನು ಎತ್ತಿದೆ.
ಅವನು ಕಾಗದದ ಮೇಲೆ ಅಂಗೈ ಇಟ್ಟ.

"ಅಪ್ಪನ ಬೋಟಿಗೆ ಹಾಗೇ ಬರೆದದ್ದು ಮೇಡಂ.
ಹದಿನೆಂಟು ಲಕ್ಷದ್ದನ್ನು ಎಂಟು ಅಂತ.
ಮುಳುಗುವಾಗ ಮಾತ್ರ
ಹದಿನೆಂಟೂ ಮುಳುಗಿತು."

ಕೆಳಗೆ ಯಾರೋ ಬ್ಯಾಟರಿ ಇಳಿಸುವ ಸದ್ದು.
ಬೆಲೆಯ ಕಾಲಂ ಖಾಲಿ ಬಿಟ್ಟು ಮುಂದೆ ಹೋದೆ.

ಕೀಲಿ ಕಳೆದರೆ? ಬೇಡ, ನೇವಳಕ್ಕೆ ಕಟ್ಟಿಕೊಳ್ಳುತ್ತಾನಂತೆ.
ಇಂಜಿನಿಗೆ ನೀರು ಹೊಕ್ಕರೆ?
"ಹೊಕ್ಕ ನೀರು ತೆಗೆಯುವುದೇ ನನ್ನ ಅನ್ನ."
ಮೊದಲ ಹದಿನೈದು ಸಾವಿರದ ಪೆಟ್ಟು ಅವನದ್ದೇ ಇರಲಿ.
ಗಾಡಿಗೆ ಏನಾದರೂ ಬದಲಾವಣೆ ಮಾಡಿಸಿದ್ದುಂಟಾ?
ಆ ಉತ್ತರ ಆಗಲೇ ಇಡೀ ಕಲ್ಸಂಕಕ್ಕೆ ಕೇಳಿಸಿತ್ತು.
"ಆ ಸೈಲೆನ್ಸರ್ ತೆಗೆಯಬೇಕಾಗ್ತದೆ" ಎಂದೆ.
"ತೆಗೆದರೆ ತಾಸೆ ಇಲ್ಲದ ಹುಲಿವೇಷ ಅಲ್ವಾ ಮಾರಾಯ್ರೆ?"

ಅಂಕಿ ಬಾವಿಗೆ ಬಿಟ್ಟ ಹಗ್ಗದಂತೆ ಇಳಿಯಿತು.
ಕೊಡಕ್ಕೆ ಇನ್ನೂ ನೀರು ತಾಗಲಿಲ್ಲ.

ಕೊನೆಗೊಂದು ದಾರಿ ಇತ್ತು, ಹೇಳಲು ನನಗೇ ನಾಚಿಕೆ.
ವರ್ಷಕ್ಕೆ ಎರಡೂವರೆ ಸಾವಿರ ಕಿಲೋಮೀಟರು,
ಅದರಾಚೆಗೆ ಕಂಪನಿ ನಿಮ್ಮ ಜೊತೆ ಬರುವುದಿಲ್ಲ.
ಗಂಟೆಗೆ ಇನ್ನೂರೈವತ್ತು ಓಡುವ ಪ್ರಾಣಿಗೆ
ವರ್ಷಕ್ಕೆ ಹತ್ತು ಗಂಟೆ.

ಅವನು ನನ್ನ ಕ್ಯಾಲ್ಕುಲೇಟರ್ ಎಳೆದುಕೊಂಡ.
ಮಲ್ಪೆಯಿಂದ ಪಡುಬಿದ್ರಿ, ಹೋಗಿ ಬರಲು ಅರವತ್ತು,
ಭಾನುವಾರ ಬೆಳಗಿನ ಐದಕ್ಕೆ, ಹಾಲಿನ ವ್ಯಾನಿಗಿಂತ ಮೊದಲು.
"ನಲವತ್ತೊಂದು ಭಾನುವಾರ ಆಗ್ತದೆ ಮೇಡಂ!
ಬೋಟು ಬಂದಾದ ಎರಡು ತಿಂಗಳು
ನನಗೆ ತಲೆ ತುರಿಸಲೂ ಪುರುಸೊತ್ತಿಲ್ಲ, ಅಲ್ಲಿಗೆ ಒಂಬತ್ತು ಹೋಯಿತು."
ಇನ್ನೆರಡು?
ಕಿಟಕಿಯ ಕಡೆ ನೋಡಿ "ಇರ್ಲಿ ಬಿಡಿ" ಎಂದ.

ಮಂಗಳವಾರ ಅವನು ಬಂದದ್ದೇ ತಿಳಿಯಲಿಲ್ಲ.
ತಲೆ ಎತ್ತಿದರೆ ಎದುರಿನ ಕುರ್ಚಿಯಲ್ಲಿ ಕೂತಿದ್ದಾನೆ,
ತೊಡೆಯ ಮೇಲೆ ಗೋಣಿ, ಗೋಣಿಯೊಳಗೆ ಸೈಲೆನ್ಸರು.
ಕಾರೆಲ್ಲಿ?
"ಬಸ್ಸಿಗೆ ಬಂದೆ. ಇಲ್ಲಿಗೆ ತಂದರೆ
ಹನ್ನೆರಡು ಕಿಲೋಮೀಟರು ದಂಡ ಅಲ್ವಾ.
ಕಂಡಕ್ಟರ್ ಇದಕ್ಕೂ ಟಿಕೇಟು ಹರಿದ."

ಬೆಲೆಯ ಕಾಲಂ ತುಂಬಿಸಿದೆ,
ಒಂದು ಸೊನ್ನೆಯೂ ಬಿಡದೆ.
ಸಹಿ ಹಾಕಿ ಎದ್ದವನು ಗೋಣಿ ಎತ್ತಲಿಲ್ಲ.
"ನಿಮ್ಮಲ್ಲೇ ಇರಲಿ.
ಮನೆಯಲ್ಲಿದ್ದರೆ ಕೈ ಸುಮ್ಮನಿರುವುದಿಲ್ಲ."

ಫೈಲುಗಳ ಕಪಾಟಿನ ಪಕ್ಕ ಅದು ಗೋಡೆಗೊರಗಿದೆ.
ಸಂಜೆ ಶಟರ್ ಎಳೆಯುವ ಮೊದಲು
ಮೆಟ್ಟಿಲಲ್ಲಿ ಯಾರೂ ಇಲ್ಲದ್ದು ನೋಡಿ
ಅದರ ಬಾಯಿಗೆ ಕಿವಿಯಿಟ್ಟೆ.

ಮನೆಗೆ ಹೋದ ಮೇಲೆ ಮಗಳು ಕೇಳಿದಳು,
ಕಿವಿಗೆಂತ ಅಮ್ಮ, ಮಸಿ?