ಬಲಬದಿಯ ಕೆಳಮೂಲೆ

ನಿಮ್ಮ ಟೀವಿಯ ಬಲಬದಿಯ ಕೆಳಮೂಲೆಯಲ್ಲಿ
ಒಂದು ದುಂಡನೆ ಕಿಟಕಿ, ಬಿಸ್ಕತ್ತಿನಷ್ಟು.
ಅದರೊಳಗೆ ನಿಂತವಳು ನಾನು, ಗಾನಿಮೆಟೆ.
ಪ್ರಿಶ್ಟಿನಾದ ಸಂಸತ್ತು ಬಾಯಲ್ಲಿ ಆಡಿದ್ದನ್ನು
ಕಿವಿ ಕೇಳದವರಿಗಾಗಿ ಕೈಯಲ್ಲಿ ಆಡುತ್ತೇನೆ.
ಬೆರಳು ಎದ್ದು ಕಾಣಲೆಂದು ಕಪ್ಪು ಅಂಗಿ.
ಉಂಗುರ ಕೂಡದು, ಉಗುರಿಗೆ ಬಣ್ಣ ಕೂಡದು.
ನಗು ಬಂದರೂ ನಗಕೂಡದು.

ಶುರುವಾದದ್ದು ಏಪ್ರಿಲಿನಲ್ಲಿ.
ಒಬ್ಬ ಸಭಾಧ್ಯಕ್ಷನನ್ನು ಆರಿಸಬೇಕಿತ್ತು, ಅಷ್ಟೆ.
ಅವನಾದ ಮೇಲೆ ಸರ್ಕಾರ,
ಸರ್ಕಾರವಾದ ಮೇಲೆ ಬಜೆಟ್ಟು,
ಬಜೆಟ್ಟಾದ ಮೇಲೆ ಯಾವುದೋ ಕಚೇರಿಯ ಯಾವುದೋ ಮೇಜಿನಲ್ಲಿ
ನನ್ನ ಅಮ್ಮನ ಕಣ್ಣಿನ ಪೊರೆ ತೆಗೆಯಲು ಒಂದು ಸಹಿ.

ನಲವತ್ತೆಂಟು ಗಂಟೆಗೊಮ್ಮೆ ಸೇರಬೇಕೆಂದು ನಿಯಮ.
ಸೇರಿದರು.
ಎಲ್ಲರಿಗಿಂತ ಹಿರಿಯ ಮುದುಕ ಕನ್ನಡಕ ಒರೆಸಿ ಹೆಸರು ಕರೆದ.
ಬೇಡ ಎಂದರು. ಬೇಕು ಎಂದವರನ್ನು ಕಳ್ಳರು ಎಂದರು.
ಕಳ್ಳರು ಎಂದವರ ಅಪ್ಪಂದಿರು ಯುದ್ಧದಲ್ಲಿ
ಯಾವ ನೆಲಮಾಳಿಗೆಯಲ್ಲಿ ಅಡಗಿದ್ದರು ಎಂದು ಇವರು ಕೇಳಿದರು.
ಮುಂದೂಡಲಾಗಿದೆ.
ನಲವತ್ತೆಂಟು ಗಂಟೆ.
ಸೇರಿದರು. ಮುದುಕ ಕನ್ನಡಕ ಒರೆಸಿದ.

ಬೀದಿಯ ಲಿಂಡನ್ ಮರಗಳು ಹೂ ಬಿಟ್ಟು, ಉದುರಿಸಿ ಮುಗಿಸಿದವು.
ಜರ್ಮನಿಯಿಂದ ರಜೆಗೆ ಬಂದ ನೆಂಟರು
ಸಾಲು ಸಾಲು ಮದುವೆ ಮುಗಿಸಿ, ಹಾರ್ನ್ ಹೊಡೆದುಕೊಂಡು ಹೊರಟುಹೋದರು.
ಬಾಲ್ಕನಿಗಳಲ್ಲಿ ಕೆಂಪು ದೊಣ್ಣೆಮೆಣಸು ಸುಡುವ ಹೊಗೆ ಎದ್ದಿತು,
ಚಳಿಗಾಲಕ್ಕೆಂದು ಊರಿಗೆ ಊರೇ ಸೀಸೆ ತುಂಬುವ ಹೊತ್ತು.
ನಾನು ಮಾತ್ರ ಅದೇ ವೃತ್ತದೊಳಗೆ
ಎರಡೂ ಅಂಗೈಯನ್ನು ಎದೆಯಿಂದ ಮುಂದಕ್ಕೆ ದೂಡುತ್ತಿದ್ದೆ,
ಮುಂದೂಡಲಾಗಿದೆ, ಐವತ್ತು ಸಲ, ಐವತ್ತೊಂದು ಸಲ,
ಕೆಟ್ಟು ನಿಂತ ಕಾರನ್ನು ಒಬ್ಬಳೇ ತಳ್ಳುವ ಹಾಗೆ.

ಒಪ್ಪಂದ ಎಂಬುದಕ್ಕೆ ಅಮ್ಮ ಕಲಿಸಿದ ಸನ್ನೆ ಸರಳ:
ಎರಡು ಕೈಯ ಕಿರುಬೆರಳು ಕೊಂಡಿ ಹಾಕಿದರೆ ಆಯಿತು,
ಮಕ್ಕಳು ಜಗಳ ಮುಗಿಸುವ ಹಾಗೆ.
ಇಡೀ ಬೇಸಿಗೆ ಕಿರುಬೆರಳುಗಳಿಗೆ ಕೆಲಸವಿರಲಿಲ್ಲ.
ನೋಯುತ್ತಿದ್ದದ್ದು ತೋರುಬೆರಳು.

ಒಂದು ದಿನ ಎಲ್ಲರೂ ಒಟ್ಟಿಗೆ ಎದ್ದರು.
ನಲವತ್ತು ಬಾಯಿ, ಒಂದೇ ಹೊತ್ತಿಗೆ.
ನನಗಿರುವುದು ಎರಡು ಕೈ.
ಯಾರದನ್ನು ಆಡಲಿ? ಒಬ್ಬರದನ್ನು ಆಡಿದರೆ
ನಾಳೆ ನನ್ನ ಕೈ ಯಾವ ಪಕ್ಷದ್ದು ಎಂಬ ಪ್ರಶ್ನೆ.
ಎರಡನ್ನೂ ಕೆಳಗಿಳಿಸಿ ಸುಮ್ಮನೆ ನಿಂತೆ.
ಹದಿನಾರು ನಿಮಿಷ.
ಮಾತು ಆಡಿದರೆ ಹೋಯಿತು ಅನ್ನುತ್ತಾರೆ;
ಇಲ್ಲಿ ಆಡಿದ್ದು ಯಾವುದೂ ಹೋಗುವುದಿಲ್ಲ,
ಚಾವಣಿಗೆ ಅಂಟಿಕೊಂಡಿದ್ದು ನಾಡಿದ್ದು ಮತ್ತೆ ಉದುರುತ್ತದೆ.

ಚಾನೆಲ್ಲಿನ ಬೆಸ್ನಿಕ್ ಹದಿನಾರು ನಿಮಿಷದ ಸಂಬಳ ಮುರಿದುಕೊಂಡ.
ಏನಾದರೂ ಮಾಡಬೇಕಿತ್ತು,
ಸುಮ್ಮನೆ ಕೈ ಆಡಿಸಿದ್ದರೂ ನಡೆಯುತ್ತಿತ್ತು ಎಂದ.
ಆ ಕೆಲಸಕ್ಕೆ ಆಗಲೇ ನೂರಿಪ್ಪತ್ತು ಮಂದಿ ಇದ್ದಾರೆ
ಎಂದು ಹೇಳಬೇಕೆನಿಸಿತು. ಮನೆಬಾಡಿಗೆ ನೆನಪಾಯಿತು.

ಅಮ್ಮ ಮೊದಲೆಲ್ಲ ಟೀವಿಯ ಮುಂದೆಯೇ ಕೂರುತ್ತಿದ್ದಳು,
ದೇಶಕ್ಕಾಗಿ ಅಲ್ಲ, ನನ್ನನ್ನು ನೋಡಲು;
ಉಂಡೆಯಾ, ಯಾಕೆ ಸೊರಗಿದ್ದೀ ಎಂದು
ಗಾಜಿಗೆ ಸನ್ನೆ ಮಾಡುತ್ತ.
ಜುಲೈಯಲ್ಲಿ ಕುರ್ಚಿ ಹತ್ತಿರ ಎಳೆದಳು.
ಆಗಸ್ಟಿನಲ್ಲಿ ಗಾಜಿಗೆ ಮೂಗು ತಾಗಿಸಿದಳು.
ಈಗ ಟೀವಿ ಹಾಕುವುದಿಲ್ಲ.

ರಾತ್ರಿ ಬಂದು ಬೂಟು ಕಳಚುವಾಗ
ಕತ್ತಲಲ್ಲೇ ಕೂತಿರುತ್ತಾಳೆ, ದೀಪ ಯಾಕೆ ದಂಡ ಎಂದು.
ನನ್ನ ಮಣಿಕಟ್ಟು ಹುಡುಕಿ ಹಿಡಿದು
ನನ್ನ ಕೈಗಳ ಮೇಲೆ ತನ್ನ ಕೈ ಇಟ್ಟುಕೊಳ್ಳುತ್ತಾಳೆ,
ಇವತ್ತು ಏನಾಯಿತು, ಹೇಳು ಎಂದು.
ಮೆಣಸಿನ ಮಸಿ ಇನ್ನೂ ಅವಳ ಉಗುರಿನ ಸಂದಿಯಲ್ಲಿದೆ.
ನನ್ನ ಕೈಗೆ ಬರುವುದು ಒಂದೇ, ಅಭ್ಯಾಸಬಲ:
ಎದೆಯಿಂದ ಮುಂದಕ್ಕೆ ದೂಡುವುದು.
ದೂಡಿದರೆ ದೂರ ಹೋಗುವವಳು ಅಮ್ಮ.

ತಡೆದೆ. ಕೈ ಅಲ್ಲೇ ನಿಂತಿತು.
ಅವಳು ಕಾಯುತ್ತಿದ್ದಳು, ನಾಡಿ ನೋಡುವವಳ ಹಾಗೆ.