ಆರು ಅಂಕಿ

ಮಂಗಳವಾರ ಮಧ್ಯಾಹ್ನ, ಸೂಳೇಭಾವಿಯ ಸಂಘದ ಖೋಲಿ.
ತಸ್ಲೀಮಾ ಫೋನು ಕೈಯಾಗಿಟ್ಟು
"ಒತ್ತಬ್ಯಾಡ್ರಿ ಅವ್ವಾ, ಮುಟ್ರಿ ಸಾಕು" ಅಂದ್ಲು.
ನಾ ಒತ್ತಿದೆ.
ನಲವತ್ತು ವರ್ಷ ಲಾಳಿ ಎಳದ ಕೈ,
ಮುಟ್ಟೂದು ಅದಕ್ಕ ಯಾರೂ ಕಲಿಸಿಲ್ಲ.

ಮೊದಲ ವಾರ ಬರೇ ಗಾಜು ಒರಸೂದಾತು.
ನನ್ನ ಹೆಬ್ಬಟ್ಟಿನ ಗುರುತು ಅದಕ್ಕ ಸಿಗವಲ್ಲದು.
ನೂಲಿನ ಗಂಜಿ ಹತ್ತಿರಬೇಕು, ತೊಳಕೊಂಡು ಬರ್ರಿ ಅಂದ್ಲು.
ತೊಳದು ಬಂದೆ. ಆಗಲೂ ಇಲ್ಲ.
ಸವದೈತಿ ತಗೀವಾ, ಅಂದೆ.
ಯಾರೂ ನಗಲಿಲ್ಲ.
ದುಂಡವ್ವ ತನ್ನ ಹೆಬ್ಬಟ್ಟು ಬೆಳಕಿಗೆ ಹಿಡಿದು ನೋಡಿಕೊಂಡ್ಲು.

ಅಕ್ಷರ ನನಗ ಈಗೂ ಇರುವಿ ಸಾಲು.
ಅಂಕಿ ಹಂಗಲ್ಲ, ಅವು ನನ್ನ ಸಂಗಾಟ ಬೆಳದಾವು.
ಎಷ್ಟು ಎಳಿ ಬಿಟ್ಟು ಎಷ್ಟು ಎಳಿ ಎತ್ತಿದ್ರ
ದಡಿಯೊಳಗ ಗೋಮಿ ಏಳತೈತಿ
ಕತ್ತಲಾಗ ಎಬ್ಬಿಸಿ ಕೇಳು, ಹೇಳತೀನಿ.
ಹಿಂಗಾಗಿ ಪಿನ್ ನಂಬರು
ಕಾಗದಕ್ಕ ಹಾಕಲಿಲ್ಲ, ಮಗನ ಕಿವಿಗೂ ಹಾಕಲಿಲ್ಲ,
ಒಂದು ದಡಿ ಮಾಡಿ ತಲಿಯಾಗ ನೇಯ್ದಿಟ್ಟೆ.
ಇಷ್ಟು ದಿನ ಸಾವಿರಕ್ಕ ಇಪ್ಪತ್ತು ಮುರಕೊಂಡು
ರೊಕ್ಕ ತಗದುಕೊಡತಿದ್ದ ಅಂಗಡಿ ಸಂಗಪ್ಪ
ಈಗ "ಚಾ ಕುಡೀತೀರೇನ" ಅಂತಾನ.

ನಿನ್ನಿ ಒಂದು ಫೋನು ಬಂತು. ಸಕ್ಕರಿಯಂಥಾ ದನಿ.
"ಬ್ಯಾಂಕಿನಿಂದ ಮಾತಾಡ್ತಿದ್ದೇವೆ ಅಮ್ಮಾ,
ನಿಮ್ಮ ಮೊಬೈಲಿಗೆ ಆರು ಅಂಕಿ ಬಂದಿವೆ, ಓದಿ ಹೇಳಿ."
ಅಮ್ಮಾ ಅಂದ. ಅವ್ವಾ ಅನ್ನಲಿಲ್ಲ.
ನೋಡಿದೆ, ಬಂದಿದ್ದವು.
ಏಳು, ಸೊನ್ನಿ, ಮೂರು,
ಉಳಿದದ್ದು ನಿಮಗ್ಯಾಕ?

"ಓದಾಕ ಬರೂದಿಲ್ಲೋ ತಮ್ಮಾ,
ಹೆಬ್ಬಟ್ಟಿನ ಮಂದಿ ನಾವು."
ಅಂವ ಕಲಿಸಾಕ ಕುಂತ!
ಒಂದು ಅಂದ್ರ ಕೋಲಿನ ಹಾಗೆ, ಅಮ್ಮಾ,
ಸೊನ್ನೆ ಅಂದ್ರ ಬಳೆಯ ಹಾಗೆ,
ಎರಡು ಅಂದ್ರ ಬಾತುಕೋಳಿ. ಬಾತುಕೋಳಿ ನೋಡಿದೀರಾ?
ಇಲ್ಲೋ ಯಪ್ಪಾ, ನಮ್ಮೂರಾಗೆಲ್ಲಿ ಬಾತುಕೋಳಿ.
ಹೋಗಲಿ, ಹಾವಿನ ಹೆಡೆ ಅಂದ.
ಬೇಸರಿಲ್ಲ, ಸಿಟ್ಟಿಲ್ಲ, ಅರ್ಧಾ ತಾಸು.
ಸ್ಪೀಕರಿಗೆ ಹಾಕಿ ಬಾಜೂಕಿಟ್ಟು
ನಾ ಸೆರಗಿನ ಕೊಂಡಿ ಹಾಕತಿದ್ದೆ.
ಮಸ್ತರ ಇಷ್ಟು ಚಂದಗ ಕಲಿಸಿದ್ದರ
ಎರಡನೇತ್ತಕ್ಕ ಸಾಲಿ ಬಿಡತಿರಲಿಲ್ಲ ನಾ.
ಖರೇ ಹೇಳತೀನಿ, ಒಂದು ಗಳಿಗಿ
ಆ ಕಳ್ಳನ ಮ್ಯಾಲ ಮಾಯಾ ಬಂತು.

ಕಡೀಕ ಅವನ ದನಿ ಒಣಗಿತ್ತು.
"ನೀರು ಕುಡಿ" ಅಂದೆ,
ಕೆಂಪು ಗುಂಡಿ
ಮುಟ್ಟಿದೆ.